ದಿನಕ್ಕೊಂದು ಆಸ್ಪಿರಿನ್: ಸಕ್ಕರೆ ಕಾಯಿಲೆಯವರಲ್ಲಿ ಯಾರಿಗೆ ಬೇಕು, ಯಾರಿಗೆ ಬೇಡ



ದತ್ತಿ ಉಪನ್ಯಾಸವೆಂದರೆ ದೊಡ್ಡ ವಿಷಯವೇ ಇರಬೇಕು ಎಂಬ ನಿರೀಕ್ಷೆ ಸಹಜ. ನಾನು ಆರಿಸಿಕೊಂಡಿರುವುದು ಮಾತ್ರ ಎಪ್ಪತ್ತೈದು ಮಿಲಿಗ್ರಾಂ ತೂಗುವ ಔಷಧಿಯನ್ನು. ರಾತ್ರಿ ಊಟವಾದ ಮೇಲೆ ಶುಗರ್ ಮಾತ್ರೆ, ಬಿಪಿ ಮಾತ್ರೆಗಳ ಜೊತೆ ‘ಹಾರ್ಟಿಗೆ ಒಳ್ಳೆಯದು’ ಎಂದು ನುಂಗುವ ಆ ಚಿಕ್ಕ ಆಸ್ಪಿರಿನ್ ಮಾತ್ರೆ ನಮ್ಮ ಎಷ್ಟೋ ಮನೆಗಳಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಅವರಲ್ಲಿ ಬಹುಪಾಲು ಟೈಪ್ 2. ಅವರೆಲ್ಲರೂ ಈ ಮಾತ್ರೆ ನುಂಗಬೇಕೆ? ಇದು ಇಂದಿನ ಪ್ರಶ್ನೆ.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಆಸ್ಪಿರಿನ್ ಹೃದಯದ ಔಷಧಿಯಾದದ್ದು ಹೇಗೆ ಎಂಬುದು ಮೊದಲನೆಯದು. ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಪರೀಕ್ಷೆಗಳು ಏನು ಹೇಳಿದವು ಎಂಬುದು ಎರಡನೆಯದು. ಮೂರನೆಯದರಲ್ಲಿ ರಕ್ತಸ್ರಾವದ ಮಾತು ಬರುತ್ತದೆ. ಯಾರು ತೆಗೆದುಕೊಳ್ಳಬೇಕು, ಯಾರಿಗೆ ಬೇಡ, ಅದಕ್ಕಿಂತ ಮೊದಲು ಮಾಡಬೇಕಾದದ್ದೇನು ಎಂಬುದು ಕೊನೆಯ ಭಾಗ.

ಮೊದಲ ಭಾಗಕ್ಕೆ ಬರುತ್ತೇನೆ.

1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲೋ ಮರದ ತೊಗಟೆಯ ಪುಡಿ ಜ್ವರ ಇಳಿಸುತ್ತದೆಂದು ರಾಯಲ್ ಸೊಸೈಟಿಗೆ ಪತ್ರ ಬರೆದರು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಫೆಲಿಕ್ಸ್ ಹಾಫ್‌ಮನ್, ಆ ತೊಗಟೆಯ ಅಂಶಕ್ಕೆ ಹತ್ತಿರದ ಸಂಬಂಧಿಯಾದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಶುದ್ಧರೂಪದಲ್ಲಿ ತಯಾರಿಸಿದರು. ಎರಡು ವರ್ಷಗಳಲ್ಲಿ ಅದು ‘ಆಸ್ಪಿರಿನ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಅರ್ಧ ಶತಮಾನದ ಕಾಲ ಅದು ಬರೀ ತಲೆನೋವು, ಜ್ವರ, ಕೀಲುನೋವಿನ ಮಾತ್ರೆಯಾಗಿತ್ತು.

ಅದನ್ನು ಹೃದಯದ ಕಡೆಗೆ ತಿರುಗಿಸಿದವರಲ್ಲಿ ಮೊದಲಿಗರು ಕ್ಯಾಲಿಫೋರ್ನಿಯಾದ ಸಾಮಾನ್ಯ ವೈದ್ಯ ಲಾರೆನ್ಸ್ ಕ್ರೇವನ್. ಟಾನ್ಸಿಲ್ ಶಸ್ತ್ರಚಿಕಿತ್ಸೆಯಾದವರು ನೋವು ತಡೆಯಲು ಆಸ್ಪಿರಿನ್ ಬೆರೆಸಿದ ಗಮ್ ಜಗಿಯುತ್ತಿದ್ದರು. ಅವರಲ್ಲಿ ಕೆಲವರಿಗೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯುವುದಾದರೆ ಹೃದಯಾಘಾತವನ್ನೂ ತಡೆಯಬೇಕಲ್ಲವೇ ಎಂದು ಕ್ರೇವನ್ ಯೋಚಿಸಿದರು. ಸಾವಿರಾರು ರೋಗಿಗಳಿಗೆ ಕೊಟ್ಟು 1950ರ ದಶಕದಲ್ಲಿ ಬರೆದರು. ಊಹೆ ಸರಿಯಾಗಿತ್ತು. ಆದರೆ ಮಾತ್ರೆ ತೆಗೆದುಕೊಳ್ಳದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಅವರು ಹೋಲಿಸಿರಲಿಲ್ಲ. ಹೀಗಾಗಿ ವೈದ್ಯಲೋಕ ಕಿವಿಗೊಡಲಿಲ್ಲ.

ಮಾತ್ರೆಯ ಕೆಲಸದ ಗುಟ್ಟು ಬಿಚ್ಚಿಕೊಂಡದ್ದು 1971ರಲ್ಲಿ, ಬ್ರಿಟನ್ನಿನ ಜಾನ್ ವೇನ್ ಅವರ ಸಂಶೋಧನೆಯಿಂದ. ಅದಕ್ಕಾಗಿ ಅವರು 1982ರ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು. ಡೆಂಗಿ ಬಂದಾಗ ನಾವೆಲ್ಲ ದಿನವೂ ಎಣಿಸಿ ನೋಡುವ ಪ್ಲೇಟ್‌ಲೆಟ್‌ಗಳಿವೆಯಲ್ಲ, ಗಾಯವಾದ ಜಾಗಕ್ಕೆ ಮೊದಲು ಓಡಿಬಂದು ಒಂದಕ್ಕೊಂದು ಅಂಟಿಕೊಳ್ಳುವ ಕಣಗಳು ಅವೇ. ‘ಬನ್ನಿ, ಅಂಟಿಕೊಳ್ಳಿ’ ಎಂದು ಅವು ಪರಸ್ಪರ ಕರೆಯಲು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ಬೇಕು. ಅದನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ಮಾಡಿಕೊಳ್ಳಲು ಅದಕ್ಕೆ ಆಗದು. ಹಾಗಾಗಿ ಅದು ಬದುಕಿರುವ ಎಂಟು–ಹತ್ತು ದಿನವೂ ನಿಷ್ಕ್ರಿಯ. 75 ಮಿಲಿಗ್ರಾಮಿನಷ್ಟು ಸಣ್ಣ ಪ್ರಮಾಣ ಸಾಕಾಗುವುದು ಈ ಕಾರಣಕ್ಕೆ. ಮಾತ್ರೆ ನಿಲ್ಲಿಸಿದರೂ ಅದರ ಪ್ರಭಾವ ಒಂದು ವಾರ ಉಳಿಯುವುದೂ ಇದೇ ಕಾರಣಕ್ಕೆ.

1988ರಲ್ಲಿ ಪ್ರಕಟವಾದ ಐಸಿಸ್–2 ಎಂಬ ಅಧ್ಯಯನ ಅನುಮಾನಕ್ಕೆ ಎಡೆಯಿಲ್ಲದಂತೆ ಮಾಡಿತು. ಹೃದಯಾಘಾತವಾಗಿರಬಹುದೆಂದು ಆಸ್ಪತ್ರೆಗೆ ಬಂದ 17,187 ರೋಗಿಗಳು ಅದರಲ್ಲಿದ್ದರು. ತಿಂಗಳ ಕಾಲ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಹೃದಯ–ರಕ್ತನಾಳದ ಸಾವುಗಳು ಶೇ. 23ರಷ್ಟು ಇಳಿದವು. ಇಷ್ಟು ಅಗ್ಗದ ಮಾತ್ರೆಯಿಂದ ಅಷ್ಟು ದೊಡ್ಡ ಫಲ! ಆಗಲೇ ಒಂದು ತರ್ಕ ಹುಟ್ಟಿಕೊಂಡಿತು: ಆಘಾತವಾದವರಿಗೆ ಇಷ್ಟು ಒಳ್ಳೆಯದಾದರೆ, ಆಗುವ ಮೊದಲೇ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ?

ಈ ತರ್ಕ ಸಕ್ಕರೆ ಕಾಯಿಲೆಯವರ ಮೇಲೆ ಬಂದು ನಿಂತದ್ದು ಆಕಸ್ಮಿಕವಲ್ಲ. ಉಳಿದವರಿಗಿಂತ ಅವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು. ಅವರ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ. ಫಿನ್ಲೆಂಡಿನ ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೃದಯಾಘಾತವೇ ಆಗದ ಸಕ್ಕರೆ ಕಾಯಿಲೆಯವರ ಅಪಾಯವೂ ಒಮ್ಮೆ ಆಘಾತವಾದ ಇತರರ ಅಪಾಯವೂ ಒಂದೇ ಸಮ ಎಂದಿತು. ಮುಂದಿನ ಸಂಶೋಧನೆಗಳು ಆ ಸಮೀಕರಣವನ್ನು ಎಲ್ಲರಿಗೂ ಅನ್ವಯಿಸಲಾಗದು ಎಂದು ತೋರಿಸಿದವು. ಆದರೆ ಅಷ್ಟರಲ್ಲಿ ‘ಶುಗರ್ ಇದೆಯೇ? ಹಾಗಾದರೆ ಆಸ್ಪಿರಿನ್ ಸೇರಿಸಿ’ ಎಂಬುದು ಚೀಟಿ ಬರೆಯುವ ಕೈಗಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಇನ್ನು ಎರಡನೆಯ ಭಾಗ. ಈ ಅಭ್ಯಾಸವನ್ನು ಪರೀಕ್ಷೆಗೆ ಒಡ್ಡಿದಾಗ ಏನಾಯಿತು?

2008ರಲ್ಲಿ ಎರಡು ಅಧ್ಯಯನಗಳು ಬಂದವು. ಸ್ಕಾಟ್ಲೆಂಡಿನ ಪಾಪ್‌ಅಡಾಡ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಜೊತೆಗೆ ಕಾಲಿನ ರಕ್ತನಾಳಗಳು ಕಿರಿದಾಗುವ ಸೂಚನೆಯಿದ್ದ, ಆದರೆ ಲಕ್ಷಣಗಳಿಲ್ಲದ 1,276 ಜನರಿದ್ದರು. ಆಸ್ಪಿರಿನ್ನಿನಿಂದ ಲಾಭ ಕಾಣಲಿಲ್ಲ. ಜಪಾನಿನ ಜೆಪಾಡ್ ಅಧ್ಯಯನದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ 2,539 ಜನರಿದ್ದರು. ಆಸ್ಪಿರಿನ್ ಗುಂಪಿನಲ್ಲಿ 68, ಇನ್ನೊಂದರಲ್ಲಿ 86 ಹೃದಯ–ರಕ್ತನಾಳದ ಘಟನೆಗಳು. ವ್ಯತ್ಯಾಸ ಇದ್ದಂತೆ ಕಂಡರೂ ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ. ಎರಡೂ ಚಿಕ್ಕ ಅಧ್ಯಯನಗಳು. ಚಿಕ್ಕ ಲಾಭವನ್ನು ಹಿಡಿಯಲು ದೊಡ್ಡ ಗುಂಪು ಬೇಕು.

ಆ ಕೊರತೆ ತುಂಬಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಸೆಂಡ್ ಅಧ್ಯಯನ. ಸಕ್ಕರೆ ಕಾಯಿಲೆಯಿದ್ದು ಹೃದ್ರೋಗ ಕಾಣಿಸಿಕೊಳ್ಳದ 15,480 ಜನ ಅದರಲ್ಲಿದ್ದರು. ಅರ್ಧದಷ್ಟು ಜನಕ್ಕೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧಿಯಿಲ್ಲದ ಮಾತ್ರೆ. ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಲಾಯಿತು.

ಅದರ ಫಲಿತಾಂಶವನ್ನು ಸಾವಿರ ಜನರ ಲೆಕ್ಕದಲ್ಲಿ ಹೇಳುತ್ತೇನೆ. ಆಸ್ಪಿರಿನ್ ಇಲ್ಲದ ಸಾವಿರ ಜನರಲ್ಲಿ 96 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಅಂಥದೇ ಗಂಭೀರ ರಕ್ತನಾಳದ ತೊಂದರೆ ಬಂತು. ಆಸ್ಪಿರಿನ್ ಪಡೆದ ಸಾವಿರದಲ್ಲಿ 85 ಮಂದಿಗೆ. ಉಳಿಕೆ 11. ಅದೇ ಅವಧಿಯಲ್ಲಿ ದೊಡ್ಡ ರಕ್ತಸ್ರಾವವಾದವರು ಆಸ್ಪಿರಿನ್ ಇಲ್ಲದ ಸಾವಿರದಲ್ಲಿ 32, ಆಸ್ಪಿರಿನ್ ಪಡೆದ ಸಾವಿರದಲ್ಲಿ 41. ಹೆಚ್ಚಳ 9. ಒಟ್ಟು ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಮಾತ್ರೆ ಕೆಲಸ ಮಾಡುತ್ತದೆ, ನಿಜ. ಆದರೆ ಬಂದ ಲಾಭದ ಬಹುಪಾಲು ರಕ್ತಸ್ರಾವದ ಖಾತೆಗೆ ಹೋಯಿತು.

ಈ ಹನ್ನೊಂದು ಮತ್ತು ಒಂಬತ್ತನ್ನು ಕಳೆದು ‘ಎರಡು ಉಳಿಯಿತಲ್ಲ’ ಎನ್ನುವುದು ಸರಿಯಲ್ಲ. ಹೊಟ್ಟೆಯ ರಕ್ತಸ್ರಾವ ಬಹುಪಾಲು ವಾಸಿಯಾಗುತ್ತದೆ; ಪಾರ್ಶ್ವವಾಯು ಕೈಕಾಲನ್ನೇ ಕಸಿಯಬಹುದು. ಹಾಗೆಯೇ ಒಂದು ಲಘು ಪಾರ್ಶ್ವವಾಯು ದಿನದೊಳಗೆ ಸರಿಹೋದೀತು. ತಲೆಯೊಳಗಿನ ರಕ್ತಸ್ರಾವ ಪ್ರಾಣ ತೆಗೆದೀತು. ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಅಂಕಿಸಂಖ್ಯೆ ಹೇಳದು. ಅದನ್ನು ಹೇಳಬೇಕಾದವರು ಮಾತ್ರೆ ನುಂಗುವವರು.

ಇದೇ ಮಾತ್ರೆ ಹೃದಯಾಘಾತ ಆದವರಲ್ಲಿ ಹೇಗೆ ಬೇರೆಯಾಗುತ್ತದೆ ನೋಡಿ. 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಲ್ಲಿ ಆಸ್ಪಿರಿನ್ ವರ್ಷಕ್ಕೆ ಸಾವಿರಕ್ಕೆ ಸುಮಾರು 15 ಘಟನೆಗಳನ್ನು ತಪ್ಪಿಸಿತು. ಏನೂ ಆಗದ ಸಾಮಾನ್ಯ ಜನರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಂದಕ್ಕೂ ಕಡಿಮೆ. ಅಸೆಂಡ್ ಅಧ್ಯಯನದ ಸಕ್ಕರೆ ಕಾಯಿಲೆಯವರು ಇವೆರಡರ ನಡುವೆ, ಎರಡನೆಯ ಗುಂಪಿನ ಹತ್ತಿರ ಬರುತ್ತಾರೆ: ವರ್ಷಕ್ಕೆ ಸಾವಿರಕ್ಕೆ ಒಂದೂವರೆ. ಮೂಲ ಅಪಾಯ ದೊಡ್ಡದಿದ್ದಲ್ಲಿ ಲಾಭ ದೊಡ್ಡದು, ಚಿಕ್ಕದಿದ್ದಲ್ಲಿ ಲಾಭ ಚಿಕ್ಕದು. ರಕ್ತಸ್ರಾವದ ಅಪಾಯ ಮಾತ್ರ ಇಬ್ಬರಿಗೂ ಇದ್ದೇ ಇದೆ.

‘ಇವೆಲ್ಲ ಹೊರದೇಶದವರ ಲೆಕ್ಕ, ನಮಗೆ ಹೃದ್ರೋಗ ಹತ್ತು ವರ್ಷ ಮೊದಲೇ ಬರುತ್ತದಲ್ಲ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಸೆಂಡ್‌ನಲ್ಲಿ ಇದ್ದವರು ಬಹುತೇಕ ಬಿಳಿಯರು. ಇದಕ್ಕೆ ಸ್ವಲ್ಪ ಬೆಳಕು ಚೆಲ್ಲುವುದು 2020ರಲ್ಲಿ ಪ್ರಕಟವಾದ ಟಿಪ್ಸ್–3 ಅಧ್ಯಯನ. ಅದರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡಾ. ಪ್ರೇಮ್ ಪಾಯಸ್. ಅದರಲ್ಲಿದ್ದ 5,713 ಜನರಲ್ಲಿ ಅರ್ಧದ ಹತ್ತಿರ ಭಾರತೀಯರು. ಯಾರಿಗೂ ಮೊದಲು ಹೃದ್ರೋಗ ಆಗಿರಲಿಲ್ಲ. ಎಲ್ಲರೂ ಸಕ್ಕರೆ ಕಾಯಿಲೆಯವರೂ ಅಲ್ಲ. ಬರೀ 75 ಮಿಲಿಗ್ರಾಂ ಆಸ್ಪಿರಿನ್‌ನಿಂದ ಆದ ಇಳಿಕೆ ಖಚಿತವಾಗಿ ಹೇಳುವಷ್ಟಿರಲಿಲ್ಲ. ಬಿಪಿ ಮತ್ತು ಕೊಲೆಸ್ಟ್ರಾಲ್ ಇಳಿಸುವ ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಪಾಲಿಪಿಲ್ ಜೊತೆ ಆಸ್ಪಿರಿನ್ ಕೊಟ್ಟಾಗ ಘಟನೆಗಳು ಶೇ. 31ರಷ್ಟು ಕಡಿಮೆಯಾದವು. ನನಗೆ ಇದರಿಂದ ಕಾಣುವುದಿಷ್ಟು: ನಮ್ಮವರಲ್ಲೂ ಆಸ್ಪಿರಿನ್ ಒಂಟಿಯಾಗಿ ಹೊರುವ ಭಾರ ಚಿಕ್ಕದು.

ಈಗ ಮೂರನೆಯ ಭಾಗ, ರಕ್ತಸ್ರಾವ. ಇದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಹೃದಯಾಘಾತ ತಪ್ಪಿದವನಿಗೆ ತನಗೆ ತಪ್ಪಿದ್ದು ಗೊತ್ತಾಗುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ವಾಂತಿಯಾದವನಿಗೆ ಅದು ಮಾತ್ರೆಯಿಂದ ಎಂದು ಹೊಳೆಯುವುದಿಲ್ಲ.

ಪ್ಲೇಟ್‌ಲೆಟ್‌ಗಳನ್ನು ಕಟ್ಟಿಹಾಕುವ ಆಸ್ಪಿರಿನ್, ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಪ್ರೋಸ್ಟಗ್ಲಾಂಡಿನ್‌ಗಳನ್ನೂ ತಗ್ಗಿಸುತ್ತದೆ. ಅಂದರೆ ಹುಣ್ಣಾಗಲು ದಾರಿ ಮಾಡುವುದೂ ಅದೇ, ಹುಣ್ಣಿನಿಂದ ಹರಿದ ರಕ್ತ ನಿಲ್ಲದಂತೆ ಮಾಡುವುದೂ ಅದೇ. ‘ನನ್ನದು ಕೋಟಿಂಗ್ ಇರುವ ಮಾತ್ರೆ, ಹೊಟ್ಟೆಯಲ್ಲಿ ಕರಗುವುದಿಲ್ಲ’ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಮಾತ್ರೆ ಎಲ್ಲಿ ಕರಗಿದರೂ ರಕ್ತದ ಮೂಲಕವೇ ಜಠರಕ್ಕೆ ಮುಟ್ಟುತ್ತದೆ. ಆ ಲೇಪನವನ್ನು ನಂಬಿ ಕೂರುವಂತಿಲ್ಲ.

ಯಾರಿಗೆ ಅಪಾಯ ಹೆಚ್ಚು? ವಯಸ್ಸಾದವರಿಗೆ, ಹಿಂದೆ ಹೊಟ್ಟೆಹುಣ್ಣು ಅಥವಾ ರಕ್ತಸ್ರಾವ ಆದವರಿಗೆ, ರಕ್ತಹೀನತೆ ಇರುವವರಿಗೆ, ಮೂತ್ರಪಿಂಡ ಕೆಟ್ಟವರಿಗೆ, ಮದ್ಯಪಾನಿಗಳಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ. ವಯಸ್ಸಿನ ಮಾತು ಮುಖ್ಯ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದ ಆಸ್ಪ್ರೀ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬಹುಪಾಲು ಎಪ್ಪತ್ತು ದಾಟಿದ ಆ ಆರೋಗ್ಯವಂತರಲ್ಲಿ ಹೊಸದಾಗಿ ಶುರುಮಾಡಿದ ಆಸ್ಪಿರಿನ್, ಅಂಗವೈಕಲ್ಯವಿಲ್ಲದೆ ಬದುಕುವ ವರ್ಷಗಳನ್ನು ಹೆಚ್ಚಿಸಲಿಲ್ಲ. ದೊಡ್ಡ ರಕ್ತಸ್ರಾವವನ್ನು ಹೆಚ್ಚಿಸಿತು.

ಈ ಪಟ್ಟಿಗೆ ನಮ್ಮ ಊರುಗಳ ಎರಡು ಸಂಗತಿಗಳನ್ನು ಸೇರಿಸಬೇಕು. ಮಂಡಿನೋವು, ಸೊಂಟನೋವಿಗೆ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳು ಮೊದಲನೆಯದು. ಆಸ್ಪಿರಿನ್ ಜೊತೆ ಇವು ಸೇರಿದರೆ ಜಠರದ ರಕ್ತಸ್ರಾವದ ಅಪಾಯ ಏರುತ್ತದೆ. ಐಬುಪ್ರೊಫೇನ್ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರಬಲ್ಲದು. ಎರಡನೆಯದು ಮಳೆಗಾಲದ ಡೆಂಗಿ. ಪ್ಲೇಟ್‌ಲೆಟ್ ಇಳಿಯುವ ಆ ಜ್ವರದಲ್ಲಿ ಆಸ್ಪಿರಿನ್ ಅಪಾಯಕಾರಿ. ಜ್ವರವೆಂದು ವೈದ್ಯರ ಬಳಿ ಹೋದಾಗ ‘ದಿನಾ ಆಸ್ಪಿರಿನ್ ತಗೋತೀನಿ’ ಎಂಬ ಒಂದು ಮಾತು ಹೇಳಲು ಮರೆಯಬೇಡಿ. ಹೃದಯದ ಮಾತ್ರೆಯ ಹೆಸರಿನಲ್ಲಿ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಕೊಡುವ ಬ್ರ್ಯಾಂಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ತಾವು ಆಸ್ಪಿರಿನ್ ನುಂಗುತ್ತಿರುವುದೇ ತಿಳಿಯದವರು ಹೀಗಾಗಿ ಇದ್ದಾರೆ.

ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ, ಕಾರಣವಿಲ್ಲದೆ ಸುಸ್ತು, ಏದುಸಿರು ಬಂದರೆ ತಡಮಾಡದೆ ತೋರಿಸಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಯಾವುದೆಂದು ವೈದ್ಯರು ನಿರ್ಧರಿಸಲಿ. ಕಣ್ಣಿನ ಬಗ್ಗೆ ಒಂದು ಸಮಾಧಾನದ ಮಾತೂ ಇದೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರಲ್ಲಿ ಆಸ್ಪಿರಿನ್ ಕಣ್ಣಿನೊಳಗೆ ರಕ್ತ ಹರಿಸೀತೆಂಬ ಭಯವಿತ್ತು. ದಿನಕ್ಕೆ 650 ಮಿಲಿಗ್ರಾಂ ಕೊಟ್ಟು 3,711 ಜನರ ಮೇಲೆ ನಡೆಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಹೃದಯಕ್ಕಾಗಿ ಆಸ್ಪಿರಿನ್ ಬೇಕಾದವರು ಕಣ್ಣಿನ ಈ ತೊಂದರೆಯ ನೆಪದಲ್ಲಿ ಅದನ್ನು ಬಿಡಬೇಕಿಲ್ಲ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಹಾಗಾದರೆ ಯಾರಿಗೆ ಬೇಕು?

ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದವರು: ಇವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಅಥವಾ ಅದಕ್ಕೆ ಬದಲಿಯಾಗಿ ವೈದ್ಯರು ಕೊಟ್ಟ ಔಷಧಿ ಬೇಕೇ ಬೇಕು. ನಾನು ಈವರೆಗೆ ಹೇಳಿದ್ದನ್ನು ಕೇಳಿ ಇವರಲ್ಲಿ ಒಬ್ಬರು ಮನೆಗೆ ಹೋಗಿ ಮಾತ್ರೆ ಬಿಟ್ಟರೂ ಈ ಉಪನ್ಯಾಸದಿಂದ ಕೇಡೇ ಆದಂತೆ. ಹೊಸ ಸ್ಟೆಂಟ್ ಇರುವವರು ಹಲ್ಲು ಕೀಳಿಸಲೆಂದು ತಾವಾಗಿ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು.

ಎಪ್ಪತ್ತು ದಾಟಿದ, ಹೃದ್ರೋಗವಿಲ್ಲದ ಸಕ್ಕರೆ ಕಾಯಿಲೆಯವರು ಹೊಸದಾಗಿ ಶುರುಮಾಡಬೇಕಿಲ್ಲ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ನಿನ ಮಾರ್ಗಸೂಚಿಯೂ ಈ ವಯಸ್ಸಿನಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚು ಎನ್ನುತ್ತದೆ. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಮುಂದುವರಿಸಬೇಕೇ ಎಂದು ವೈದ್ಯರೊಂದಿಗೆ ಕೂತು ಮಾತಾಡಬೇಕು.

ಇವೆರಡರ ನಡುವೆ ಇರುವವರು ಐವತ್ತು, ಅರವತ್ತರ ಆಸುಪಾಸಿನವರು, ಹೃದಯಾಘಾತ ಆಗದವರು. ಇವರಲ್ಲಿ ಎಲ್ಲರಿಗೂ ಬೇಡ. ಬೀಡಿ–ಸಿಗರೇಟಿನ ಚಟ, ಅಪ್ಪ ಅಥವಾ ಅಣ್ಣನಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ, ಮೂತ್ರದಲ್ಲಿ ಆಲ್ಬುಮಿನ್, ಏರಿದ ಬಿಪಿ, ಕೆಟ್ಟ ಕೊಲೆಸ್ಟ್ರಾಲ್ ಇಂಥವು ಸೇರಿಕೊಂಡಿದ್ದು ರಕ್ತಸ್ರಾವದ ಕಾರಣಗಳು ಯಾವುವೂ ಇಲ್ಲದಿದ್ದರೆ ಆಗ ಯೋಚಿಸಬಹುದು. ಹೃದಯದ ರಕ್ತನಾಳದಲ್ಲಿ ಸುಣ್ಣದಂಶ ಕೂತಿದೆಯೇ ಎಂದು ನೋಡುವ ಸಿಟಿ ಸ್ಕ್ಯಾನ್ ಕೆಲವರಲ್ಲಿ ತೀರ್ಮಾನಕ್ಕೆ ನೆರವಾಗುತ್ತದೆ. ತೆಗೆದುಕೊಳ್ಳುವುದಾದರೆ ಜಠರ ಕಾಯುವ ಮಾತ್ರೆ ಬೇಕೇ ಎಂಬುದನ್ನೂ ಆಗಲೇ ಕೇಳಬೇಕು.

ಇವರೆಲ್ಲರಿಗೂ ಆಸ್ಪಿರಿನ್ನಿಗಿಂತ ಮೊದಲು ಮಾಡಬೇಕಾದದ್ದಿದೆ. ಟೈಪ್ 2 ಸಕ್ಕರೆ ಕಾಯಿಲೆಯ 2,838 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಅಧ್ಯಯನದಲ್ಲಿ, ದಿನಕ್ಕೆ 10 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್ ದೊಡ್ಡ ಹೃದಯ–ರಕ್ತನಾಳದ ಘಟನೆಗಳನ್ನು ಶೇ. 37ರಷ್ಟು ಇಳಿಸಿತು. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ತೋರಿಸಿದಂತೆ ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆ. ಅಸೆಂಡ್‌ನಲ್ಲಿ ಆಸ್ಪಿರಿನ್ ಕೊಟ್ಟ ಇಳಿಕೆ ಶೇ. 12. ತಂಬಾಕು ಬಿಡುವುದಕ್ಕೆ ಕಾಸೂ ಬೇಡ, ರಕ್ತಸ್ರಾವವೂ ಇಲ್ಲ. ಬಿಪಿ 160 ಇಟ್ಟುಕೊಂಡು, ಸಿಗರೇಟು ಸೇದುತ್ತಾ, ‘ಹಾರ್ಟಿಗೆ ಮಾತ್ರೆ ತಗೋತಿದೀನಲ್ಲ’ ಎನ್ನುವುದು ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದಂತೆ.

ಮುಗಿಸುವ ಮುನ್ನ ಒಂದು ಗೊಂದಲ ಪರಿಹರಿಸಬೇಕು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಉದ್ದುದ್ದ ಸಾಲು ನಿಂತಿದ್ದನ್ನು ನಾವೆಲ್ಲ ನೋಡಿದೆವು. ಆ ಭಯ ಅರ್ಥವಾಗುವಂಥದ್ದು. ಆದರೆ ಭಯದಿಂದ ದಿನವೂ ನುಂಗುವ ಮಾತ್ರೆ ಬೇರೆ, ಎದೆನೋವು ಬಂದ ಗಳಿಗೆಯಲ್ಲಿ ವೈದ್ಯರ ಸೂಚನೆಯಂತೆ ಜಗಿದು ನುಂಗುವ 300 ಮಿಲಿಗ್ರಾಮಿನ ಆಸ್ಪಿರಿನ್ ಬೇರೆ. ಎರಡನೆಯದು ಪ್ರಾಣ ಉಳಿಸುವ ಔಷಧಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆ ಬರೀ ಏದುಸಿರು, ಸುಸ್ತಾಗಿಯೂ ಹೃದಯಾಘಾತ ಬರುವುದುಂಟು. ಆದರೆ ಮುಖ ಸೊಟ್ಟಗಾಗಿ ಮಾತು ತೊದಲಿದರೆ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಅದು ಮೆದುಳಿನ ರಕ್ತಸ್ರಾವವೂ ಆಗಿರಬಹುದು, ಸ್ಕ್ಯಾನ್ ನೋಡದೆ ತಿಳಿಯದು.

ನಾನು ಹೇಳಲು ಬಂದದ್ದು ಇಷ್ಟೇ. ಹೃದ್ರೋಗ ಆದ ಸಕ್ಕರೆ ಕಾಯಿಲೆಯವರಿಗೆ ಆಸ್ಪಿರಿನ್ ಚಿಕಿತ್ಸೆ. ಆಗದವರಿಗೆ ಅದು ತೀರ್ಮಾನವಾಗಬೇಕೇ ಹೊರತು ರೂಢಿಯಾಗಬಾರದು. ವೈದ್ಯಮಿತ್ರರಲ್ಲಿ ನನ್ನ ಕೋರಿಕೆ: ಚೀಟಿಯಲ್ಲಿ ಆಸ್ಪಿರಿನ್ ಬರೆಯುವಾಗ ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲು ಬರೆಯಿರಿ. ಸಭಿಕರಲ್ಲಿ ನನ್ನ ಕೋರಿಕೆ: ಮುಂದಿನ ಸಲ ಶುಗರ್ ತೋರಿಸಲು ಹೋದಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಮಂಡಿನೋವಿನದನ್ನೂ ಸೇರಿಸಿ, ಕೊಂಡೊಯ್ದು ಮೇಜಿನ ಮೇಲಿಡಿ. ‘ಇದರಲ್ಲಿ ಆಸ್ಪಿರಿನ್ ಯಾವುದು, ನನಗೆ ಅದು ಯಾಕೆ ಬೇಕು?’ ಎಂದು ಕೇಳಿ. ಉತ್ತರ ಸಿಗುವವರೆಗೆ ನೀವಾಗಿ ಶುರುಮಾಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ.